ಮೂರು ಸಲ ಹೇಳಿದ ಹೆಸರು

ಅಕ್ಷಯಾಳ ಮದುವೆಯ ಸಿ.ಡಿ. ಯಾವಾಗ ಬರುತ್ತದೆ ಎಂದು ಯಾರು ಕೇಳಿದರೂ ಆ ಮನೆಯಲ್ಲಿ ಸಿಗುತ್ತಿದ್ದ ಉತ್ತರ ಒಂದೇ: ನಾಡಿದ್ದು. ಮದುವೆ ನಡೆದದ್ದು ಜೂನ್ ಮೊದಲ ವಾರ. ಜುಲೈ ಅರ್ಧ ಕಳೆದರೂ ಆ ನಾಡಿದ್ದು ಬಂದಿರಲಿಲ್ಲ. ತಾಂಬರಂನ ಬೀಗರು ಎರಡು ಸಲ ಫೋನ್ ಮಾಡಿ ನಗುನಗುತ್ತ ಕೇಳಿದ್ದರು. ಬೀಗರು ನಗುನಗುತ್ತ ಕೇಳಿದರೆ ಅದರ ಅರ್ಥ ಏನೆಂದು ಹೆಣ್ಣು ಕೊಟ್ಟವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

"ಬೇರೆಯವರ ಕೈಲಿ ಮಾಡಿಸಿದ್ರೆ ಹದಿನೈದು ದಿನಕ್ಕೆ ಬಂದಿರೋದು," ಎಂದು ಉಪೇಂದ್ರ ಊಟದ ಡಬ್ಬಿಯನ್ನು ಚೀಲಕ್ಕೆ ಇಡುತ್ತ ಹೇಳಿದ. ದಿನವೂ ಹೇಳುತ್ತಿದ್ದ. ಇನ್ಶೂರೆನ್ಸ್ ಆಫೀಸಿನಲ್ಲಿ ಇಪ್ಪತ್ತೇಳು ವರ್ಷ ಕೂತವನಿಗೆ ತಡವಾಗುವ ಕೆಲಸದ ಮೇಲೆ ಇಷ್ಟು ಸಿಟ್ಟು ಎಲ್ಲಿಂದ ಬಂತೋ ದೇವರೇ ಬಲ್ಲ.

"ಅಪ್ಪಾ, ಸುಮ್ಮಾ ಜೋಡಿಸಿ ಕೊಡೋದಾದ್ರೆ ನಾನೂ ಎರಡು ದಿನದಲ್ಲಿ ಕೊಡ್ತಿದ್ದೆ," ಎಂದ ಮಗ ಪ್ರಮೋದ, ಕಂಪ್ಯೂಟರಿನಿಂದ ತಲೆ ಎತ್ತದೆ. "ಟ್ರಾನ್ಸಿಷನ್ ಹಾಕ್ಬೇಕು. ಇಲ್ದಿದ್ರೆ ಒಂದೊಂದು ಕಟ್ಟೂ ಕಣ್ಣಿಗೆ ಹೊಡೆಯತ್ತೆ."

"ನನ್ನ ಮದುವೇಲಿ ಎಲ್ಲಿತ್ತೋ ಟ್ರಾನ್ಸಿಷನ್ನು? ಎಂಟು ಫೋಟೋ. ಮುಗೀತು."

"ಎಂಟರಲ್ಲಿ ಆರು ಫೋಟೋಲಿ ನಾನು ಕಣ್ಣು ಮುಚ್ಕೊಂಡಿದೀನಿ," ಎಂದಳು ಕೌಸಲ್ಯಾ ಅಡುಗೆಮನೆಯಿಂದ.

ಪ್ರಮೋದ ಬಿ.ಕಾಂ. ಮುಗಿಸಿ, ವಡಪಳನಿಯಲ್ಲಿ ಮೂರು ತಿಂಗಳು ವಿಡಿಯೋ ಎಡಿಟಿಂಗ್ ಕಲಿತು, ಟಿ. ನಗರದ ಆ ಮನೆಯ ಹಾಲಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದ. ಅಕ್ಕನ ಮದುವೆ ಅವನ ಮೊದಲ ದೊಡ್ಡ ಕೆಲಸ. ಮದುಮಗಳ ತಮ್ಮನಾಗಿ ಮಂಟಪದಲ್ಲಿ ಓಡಾಡುವುದಿದ್ದರಿಂದ ಕ್ಯಾಮೆರಾ ಹಿಡಿದದ್ದು ಅವನ ಗೆಳೆಯ ಸಂದೇಶ್. ಜೋಡಿಸುವುದು ಮಾತ್ರ ಪೂರ್ತಿ ತನ್ನದು ಎಂದು ಪ್ರಮೋದ ಮೊದಲೇ ಹೇಳಿಬಿಟ್ಟಿದ್ದ.

ಆ ಸಿ.ಡಿ.ಗಾಗಿ ನಿಜವಾಗಿ ಕಾಯುತ್ತಿದ್ದವರು ಬೀಗರಲ್ಲ, ಉಪೇಂದ್ರನ ತಂದೆ ವಿಷ್ಣುತೀರ್ಥಾಚಾರ್ಯರು. ಮದುವೆಗೆ ಒಂಬತ್ತು ದಿನ ಇದ್ದಾಗ, ನಡುಮನೆಯಲ್ಲಿ ಸಾಲಾಗಿ ಇಟ್ಟಿದ್ದ ನೀರಿನ ಕೊಡಗಳ ಪಕ್ಕ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನೀರಿನ ಬರದ ಆ ವರ್ಷ ಮದರಾಸಿನಲ್ಲಿ ಕೊಡಗಳಿಲ್ಲದ ನಡುಮನೆಯೇ ಇರಲಿಲ್ಲ. ಮುಹೂರ್ತ ಮುಂದೆ ಹಾಕುವ ಹಾಗಿಲ್ಲ. ಮೊಮ್ಮಗಳ ಧಾರೆ ನಡೆಯುತ್ತಿದ್ದಾಗ ಅವರು ನರ್ಸಿಂಗ್ ಹೋಮಿನ ಹಾಸಿಗೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದರು. ಕಣ್ಣು ಮೊದಲೇ ಮಂಜು. ಬೆಳಕು, ನೆರಳು, ಹತ್ತಿರ ಬಂದರೆ ಆಕಾರ, ಅಷ್ಟೆ. ಹಾಗಾಗಿ ಸಿ.ಡಿ.ಯಲ್ಲಿ ಅವರಿಗೆ ನೋಡುವುದು ಏನೂ ಇರಲಿಲ್ಲ. ಒಂದು ಕೇಳಬೇಕಿತ್ತು.

"ಪ್ರವರ ಬಂತೇನೋ?" ಎಂದು ಅವರು ದಿನವೂ ಮಧ್ಯಾಹ್ನ ನಾಲ್ಕಕ್ಕೆ ಕೇಳುತ್ತಿದ್ದರು.

ಧಾರೆಗೆ ಮುಂಚೆ ಪುರೋಹಿತರು ಗಂಡಿನ ಗೋತ್ರ, ಅವನ ಮೂರು ತಲೆಮಾರಿನ ಹೆಸರು ಹೇಳಿ, ಆಮೇಲೆ ಹೆಣ್ಣಿನದನ್ನು ಹೇಳುತ್ತಾರೆ. ಇಂಥವರ ಮರಿಮಗಳು, ಇಂಥವರ ಮೊಮ್ಮಗಳು, ಇಂಥವರ ಮಗಳು ಎಂದು ತುಂಬಿದ ಸಭೆಯಲ್ಲಿ ಮೂರು ಸಲ ಹೇಳಬೇಕು. ರೈಲ್ವೆ ಅಕೌಂಟ್ಸ್ ಆಫೀಸಿನಲ್ಲಿ ಮೂವತ್ತಾರು ವರ್ಷ ಆಚಾರ್ಯರನ್ನು ಎಲ್ಲರೂ ಕರೆದದ್ದು 'ತೀರ್ಥಂ ಸಾರ್' ಎಂದು. ರೇಷನ್ ಕಾರ್ಡಿನಲ್ಲಿ ಇನ್ನೂ ಚಿಕ್ಕದಾಗಿ 'ತೀರ್ತನ್' ಆಗಿದ್ದರು. ಸಂಧ್ಯಾವಂದನೆಯಲ್ಲಿ ಅವರೇ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು ನಿಜ. ಆದರೆ ತನ್ನ ಹೆಸರು ತಾನು ಹೇಳಿಕೊಳ್ಳುವುದು ಬೇರೆ, ಮುನ್ನೂರು ಜನರ ಎದುರು ಇನ್ನೊಬ್ಬರು ಹೇಳುವುದು ಬೇರೆ. ಅಂಥದ್ದು ಒಬ್ಬನ ಆಯುಷ್ಯದಲ್ಲಿ ಎಷ್ಟು ಸಲ ಬರುತ್ತದೆ?

"ಮೂರು ಸಲವೂ ಇದೆಯಾ?" ಎಂದು ಒಂದು ದಿನ ಬಿಡಿಸಿ ಕೇಳಿದರು.

ಪ್ರಮೋದ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದ. "ಹೂಂ ತಾತ, ಎಲ್ಲಾ ಇದೆ," ಎಂದ.

ಆ ದಿನ ಅದು ನಿಜವೇ ಆಗಿತ್ತು. ಇನ್ನೂ ಕತ್ತರಿಸಿರಲಿಲ್ಲ.

*

ಆ ಮನೆಯಲ್ಲಿ ಎಡಿಟಿಂಗ್ ಮಾಡುವುದು ಎಂದರೆ ಗ್ರೈಂಡರ್ ಜೊತೆ ಯುದ್ಧ. ಒಂದೊಂದು ಭಾಗ ಜೋಡಿಸಿ ಮುಗಿಸಿದ ಮೇಲೆ ಕಂಪ್ಯೂಟರ್ ಅದನ್ನೆಲ್ಲ ಅರಗಿಸಿಕೊಂಡು ಒಂದೇ ಫೈಲ್ ಮಾಡಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ಒಂದು ಗಂಟೆಯ ಚಿತ್ರಕ್ಕೆ ಐದು ಗಂಟೆ ಬೇಕು. ಅದರಲ್ಲಿ ನಾಲ್ಕೂವರೆ ಗಂಟೆ ಮುಗಿದಾಗ ಸರಿಯಾಗಿ ಕೌಸಲ್ಯಾ ದೋಸೆಗೆ ರುಬ್ಬಲು ಗ್ರೈಂಡರ್ ಹಾಕಿದರೆ ವೋಲ್ಟೇಜ್ ಕುಸಿದು ಕಂಪ್ಯೂಟರ್ ಟಪ್ಪೆಂದು ನಿಲ್ಲುತ್ತಿತ್ತು. ಹೀಗೆ ಎರಡು ಸಲ ಆಯಿತು.

"ಅಮ್ಮಾ, ಹೇಳಿ ಹಾಕ್ಬಾರ್ದಾ?"

"ನನ್ನ ಮನೇಲಿ ಗ್ರೈಂಡರ್ ಹಾಕೋಕೆ ನಿನ್ನ ಕೇಳ್ಬೇಕಾ? ಹೋಟೆಲಿಂದ ತರಿಸೋಣ್ವಾ ದೋಸೆ?"

"ಐದು ಗಂಟೆ ಕೆಲ್ಸ ಹೋಯ್ತು."

"ನನ್ನ ಕೆಲ್ಸ ಇಪ್ಪತ್ತಾರು ವರ್ಷದಿಂದ ದಿನಾ ಹೋಗ್ತಾ ಇದೆ. ಯಾರನ್ನ ಕೇಳ್ಲಿ?"

ಕಡೆಗೆ ಆಚಾರ್ಯರೇ ಮಂಚದಿಂದ ಪಂಚಾಯ್ತಿ ಮಾಡಿದರು. ರೆಂಡರ್ ಇರುವಾಗ ಗ್ರೈಂಡರ್ ಇಲ್ಲ. ಅವನು ಬರೀ ಜೋಡಿಸುತ್ತಿರುವಾಗ ಎಷ್ಟು ಬೇಕಾದರೂ ರುಬ್ಬಬಹುದು. ಎಲ್ಲರೂ ಒಪ್ಪಿದರು. ಆ ಒಪ್ಪಂದದಿಂದ ಪ್ರಮೋದ ಜೋಡಿಸುವ ಹೊತ್ತಿಗೆಲ್ಲ ಗ್ರೈಂಡರ್ ಗುಡುಗುಡು ಎನ್ನುತ್ತಿತ್ತು. ಹೆಡ್‌ಫೋನ್ ಹಾಕಿದರೂ ಏನೂ ಕೇಳುತ್ತಿರಲಿಲ್ಲ. ಅವನು ಸದ್ದು ಪೂರ್ತಿ ಇಳಿಸಿ ಬರೀ ಚಿತ್ರ ನೋಡಿ ಕೆಲಸ ಮಾಡತೊಡಗಿದ. ಇದನ್ನು ಯಾರೂ ಗಮನಿಸಲಿಲ್ಲ, ಅವನೂ ಸೇರಿ.

ಇದರ ನಡುವೆ ನೀರಿನ ಲಾರಿ. ಅದಕ್ಕೆ ಗಂಟೆ ಗಳಿಗೆ ಇಲ್ಲ. ಬೀದಿಯಲ್ಲಿ ಹಾರ್ನ್ ಕೇಳಿದ ಕೂಡಲೇ ತಂಗಿ ಶ್ರೀಪ್ರಿಯಾ "ಡೇ, ಲಾರಿ ವಂದಾಚು" ಎಂದು ಎರಡು ಕೊಡ ಹಿಡಿದು ಓಡುತ್ತಿದ್ದಳು. ಪ್ಲಸ್ ಒನ್ ಓದುವ ಹುಡುಗಿ. ಕನ್ನಡದಲ್ಲಿ ಬೈದರೆ ಅರ್ಥವಾಗುತ್ತಿತ್ತು, ತಿರುಗಿ ಬೈಯುವುದು ತಮಿಳಿನಲ್ಲಿ. ಪ್ರಮೋದ ಅರ್ಧ ಎಳೆದ ಕ್ಲಿಪ್ಪನ್ನು ಹಾಗೇ ಬಿಟ್ಟು ಹೋಗಿ, ಸಾಲಿನಲ್ಲಿ ಜಗಳವಾಡಿ, ಅಂಗಿ ಒದ್ದೆ ಮಾಡಿಕೊಂಡು ಬಂದು ಕೂರುವಷ್ಟರಲ್ಲಿ ಎಲ್ಲಿಗೆ ಬಿಟ್ಟಿದ್ದೆ ಎಂಬುದೇ ಮರೆತಿರುತ್ತಿತ್ತು.

ಒಂದು ಮಧ್ಯಾಹ್ನ ಆಚಾರ್ಯರು ವಾಕರ್ ಹಿಡಿದು ಬಂದು ಅವನ ಪಕ್ಕ ಕೂತರು.

"ಅದೇನೋ ಟ್ರಾನ್ಸಿಷನ್ನು ಅಂತೀಯಲ್ಲ, ಹೇಗೋ ಅದು?"

"ಈಗ ಅಕ್ಕ ಛತ್ರದ ಬಾಗಿಲಲ್ಲಿದಾಳೆ ತಾತ. ಮುಂದಿನ ಕ್ಲಿಪ್ಪಲ್ಲಿ ಮಂಟಪದಲ್ಲಿದಾಳೆ. ಹಾಗೇ ಇಟ್ರೆ ಟಪ್ ಅಂತ ಹಾರತ್ತೆ. ಡಿಸಾಲ್ವ್ ಹಾಕಿದ್ರೆ ಬಾಗಿಲು ನಿಧಾನವಾಗಿ ಕರಗತ್ತೆ, ಅದರೊಳಗಿಂದಲೇ ಮಂಟಪ ಮೂಡತ್ತೆ. ಸೇರಿಸಿದ ಜಾಗ ಗೊತ್ತೇ ಆಗಲ್ಲ."

"ಕರಗೋದು ಯಾವುದು?"

"ಎರಡೂ. ಇದರ ಕೊನೆ ಒಂದು ಚೂರು, ಅದರ ಮೊದಲು ಒಂದು ಚೂರು. ಎರಡು ಸೆಕೆಂಡು ಅಷ್ಟೆ."

ಆಚಾರ್ಯರು ಪರದೆಯ ಬೆಳಕಿನ ಕಡೆಗೆ ಬಗ್ಗಿದರು. "ಎಲ್ಲಿ ಕರಗಿಸಬಾರದು ಅನ್ನೋದನ್ನೂ ಹೇಳಿಕೊಟ್ಟಿದಾರಾ ಅಲ್ಲಿ?"

"ಅದೆಲ್ಲ ಕಣ್ಣಿಗೇ ಗೊತ್ತಾಗತ್ತೆ, ತಾತ."

ಮಂಗಳವಾರ ಪ್ರವರದ ಭಾಗ ಬಂತು. ಗ್ರೈಂಡರ್ ಓಡುತ್ತಿತ್ತು. ಶ್ರೀಪ್ರಿಯಾ ಹಿಂದೆ ನಿಂತು ಬ್ರೆಡ್ ತಿನ್ನುತ್ತ ನೋಡುತ್ತಿದ್ದಳು. ಪರದೆಯ ಮೇಲೆ ಪುರೋಹಿತ ಕಿಟ್ಟಾಚಾರ್ಯರು ಬಾಯಿ ಆಡಿಸಿದರು, ಕೈ ಎತ್ತಿದರು. ಮತ್ತೆ ಬಾಯಿ ಆಡಿಸಿದರು, ಮತ್ತೆ ಅದೇ ಕೈ. ಮೂರನೆಯ ಸಲವೂ ಅದೇ.

"ಎತ್ತನೆ ವಾಟಿ ಡಾ ಅದೇ ಸೊಲ್ಲುವಾರು?" ಎಂದಳು ಅವಳು.

"ಎಷ್ಟು ಸಲ ಹೇಳಿದ್ರೂ ಒಂದು ಸಲ ಇದ್ರೆ ಸಾಕು," ಎಂದ ಪ್ರಮೋದ. ಅದು ಪ್ರವರ, ಅದನ್ನು ಮೂರು ಸಲ ಹೇಳಲೇಬೇಕು ಎಂಬುದು ಅವನ ತಲೆಗೆ ಬರಲೇ ಇಲ್ಲ. ತಾತ ದಿನಾ ಕೇಳುತ್ತಿದ್ದ ಆ ಪದ ಯಾವುದೋ ಮಂತ್ರದ ಹೆಸರೆಂದುಕೊಂಡಿದ್ದ. ಮಂತ್ರ ಎಂದರೆ ಅವನಿಗೆ ಚಿಕ್ಕಂದಿನಿಂದಲೂ ಒಂದು ಸದ್ದು. ಅದರೊಳಗೆ ಮನೆಯವರು ಇರುತ್ತಾರೆಂದು ಕಿವಿ ಕೊಟ್ಟವನಲ್ಲ.

ಎರಡನೆಯ ಸಲದ್ದನ್ನು ಇಡಿಯಾಗಿ ತೆಗೆದ. ಮೊದಲನೆಯದು ಚೆನ್ನಾಗಿತ್ತು, ಆದರೆ ಅರ್ಧಕ್ಕೆ ಉಪೇಂದ್ರನ ಅಗಲವಾದ ಬೆನ್ನು ಕ್ಯಾಮೆರಾಕ್ಕೆ ಅಡ್ಡ ಬಂದು ನಿಂತುಬಿಟ್ಟಿತ್ತು. ಮೂರನೆಯದರಲ್ಲಿ ಕೊನೆಗೆ ಸಂದೇಶ್ ಅಕ್ಕನ ಮುಖಕ್ಕೆ ಬಂದಿದ್ದ. ತಲೆ ಬಗ್ಗಿಸಿ ಕೂತ ಅಕ್ಕ, ಕಣ್ಣಲ್ಲಿ ನೀರು, ಬಹಳ ಒಳ್ಳೆಯ ಶಾಟ್. ಮೊದಲನೆಯದರ ತಲೆ, ಮೂರನೆಯದರ ಬಾಲ. ನಡುವೆ ಎರಡು ಸೆಕೆಂಡಿನ ಡಿಸಾಲ್ವ್. ಎರಡು ಸದ್ದು ಅಲ್ಲಿ ಒಂದಕ್ಕೊಂದು ತಾಗದಿರಲಿ ಎಂದು ಮೇಲೆ ಒಂದು ಎಳೆ ನಾದಸ್ವರ. ಅಪ್ಪನ ಬೆನ್ನು ಕರಗಿ ಅಕ್ಕನ ಮುಖ ಮೂಡಿತು. ಇಡೀ ಸಿ.ಡಿ.ಯಲ್ಲಿ ಅಷ್ಟು ನಯವಾದ ಜೋಡಣೆ ಇನ್ನೊಂದಿರಲಿಲ್ಲ.

"ಸೂಪರ್," ಎಂದಳು ಶ್ರೀಪ್ರಿಯಾ.

*

ಭಾನುವಾರ ಬೀಗರು ಬಂದರು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನಿನಲ್ಲಿ ಅಕ್ಷಯಾ, ಅಳಿಯ, ಅವನ ತಂದೆ ತಾಯಿ. ಚಾತುರ್ಮಾಸ್ಯದ ಶಾಕವ್ರತ ಶುರುವಾಗಿತ್ತು. ಮನೆಯಲ್ಲಿ ಒಂದು ತರಕಾರಿ ಹಾಕುವ ಹಾಗಿಲ್ಲ. ತರಕಾರಿಯಿಲ್ಲದೆ ಬೀಗರಿಗೆ ಬಡಿಸುವ ಸಂಕಟ ಕೌಸಲ್ಯಾಗೇ ಗೊತ್ತು. ಹೆಸರುಬೇಳೆ, ಮೆಣಸು, ಜೀರಿಗೆ, ಮಾವಿನಕಾಯಿ ಇಷ್ಟರಲ್ಲೇ ಏಳು ಬಗೆ ಮಾಡಿ, ಬೆಳಿಗ್ಗೆ ಐದರಿಂದ ನಿಂತು ಕಾಲು ಊದಿಸಿಕೊಂಡಿದ್ದಳು. ಊಟಕ್ಕೆ ಮುಂಚೆ ಸಿ.ಡಿ. ನೋಡುವುದು ಎಂದಾಯಿತು.

ಆಚಾರ್ಯರು ಸ್ನಾನ ಮಾಡಿ, ಹಣೆಗೆ ಅಂಗಾರ ಅಕ್ಷತೆ ಇಟ್ಟು, ಮದುವೆಗೆಂದು ತೆಗೆದಿಟ್ಟು ಉಡದೇ ಉಳಿದಿದ್ದ ಮಯೂರಕಂಠಿ ಪಂಚೆಯನ್ನು ಉಟ್ಟು, ಟಿ.ವಿ.ಯ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡರು. ಸ್ಪೀಕರಿನ ಕಡೆಗೆ ಎಡಗಿವಿ.

ಛತ್ರದ ಬಾಗಿಲು ಕರಗಿ ಮಂಟಪವಾಯಿತು. ಆರತಿ ತಟ್ಟೆ ಕರಗಿ ಅಳಿಯನ ಮುಖವಾಯಿತು. "ಪರವಾಯಿಲ್ಲೆ, ಸಿನಿಮಾ ಥರಾ ಇದೆ," ಎಂದರು ಬೀಗರು. ಉಪೇಂದ್ರ ಆರು ವಾರದಲ್ಲಿ ಮೊದಲ ಸಲ ಮಗನ ಕಡೆ ನೋಡಿ ಮುಗುಳ್ನಕ್ಕ.

ಕಿಟ್ಟಾಚಾರ್ಯರ ಧ್ವನಿ ಬಂತು. ಆಚಾರ್ಯರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಗಂಡಿನ ಗೋತ್ರ ಬಂತು. ಗಂಡಿನ ಮುತ್ತಜ್ಜ ಬಂದರು, ಅಜ್ಜ ಬಂದರು, ಬೀಗರ ಹೆಸರು ಗಂಟೆ ಹೊಡೆದಂತೆ ಬಂತು; ಬೀಗರು ಶಲ್ಯ ಸರಿಮಾಡಿಕೊಂಡರು. ಆಮೇಲೆ ಹೆಣ್ಣಿನದು. "ಹಯವದನ ಶರ್ಮಣಃ ಪ್ರಪೌತ್ರೀಂ," ಎಂದರು ಕಿಟ್ಟಾಚಾರ್ಯರು. ಆಚಾರ್ಯರು ತಮ್ಮ ತಂದೆಯ ಹೆಸರಿಗೆ ತಲೆ ಬಾಗಿ, ಮುಂದಿನದಕ್ಕೆ ತುಟಿ ಬಿಗಿದು ಕಾದರು.

ನಾದಸ್ವರ ಬಂತು.

"ಉಪೇಂದ್ರ ಶರ್ಮಣಃ ಪುತ್ರೀಂ, ಅಕ್ಷಯಾ ನಾಮ್ನೀಂ ಕನ್ಯಾಂ."

ಪರದೆಯ ಮೇಲೆ ಅಕ್ಷಯಾ ತಲೆ ಬಗ್ಗಿಸಿ ಕೂತಿದ್ದಳು. "ಎಷ್ಟು ಚೆನ್ನಾಗಿ ಬಂದಿದೆ," ಎಂದರು ಬೀಗಿತ್ತಿ.

ಆಚಾರ್ಯರು ಕಾಯುತ್ತಲೇ ಇದ್ದರು. ಇನ್ನೆರಡು ಸಲ ಇದೆಯಲ್ಲ. ಪರದೆಯಲ್ಲಿ ಧಾರೆ ನೀರು ಬಿತ್ತು, ಗಟ್ಟಿಮೇಳ ಶುರುವಾಯಿತು.

"ಪ್ರಮೋದಾ, ಹಿಂದಕ್ಕೆ ಹಾಕು," ಎಂದರು.

ಹಾಕಿದ. ಮತ್ತೆ ಹಯವದನ ಶರ್ಮರು, ಮತ್ತೆ ನಾದಸ್ವರ, ಮತ್ತೆ ಉಪೇಂದ್ರ ಶರ್ಮ.

"ನಾನೆಲ್ಲೋ?"

ಆ ಎರಡು ಸೆಕೆಂಡಿನಲ್ಲಿ ಕರಗಿದ್ದು ಯಾರ ಹೆಸರೆಂದು ಪ್ರಮೋದನಿಗೆ ಆಗ ಗೊತ್ತಾಯಿತು. ಅವನು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದ.

"ಊಟಕ್ಕೆ ಏಳೋಣ, ಬಡಿಸಿದೆ," ಎಂದಳು ಕೌಸಲ್ಯಾ. ಇನ್ನೂ ಎಲೆ ಹಾಕಿರಲೇ ಇಲ್ಲ.

*

ಬೀಗರು ಹೋಗಿ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಅಡಗುವವರೆಗೂ ಉಪೇಂದ್ರ ತಡೆದುಕೊಂಡ.

"ಅವರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲಾ ಇದಾರೆ. ನಮ್ಮಪ್ಪ ಇಲ್ಲ. ನಿನ್ನ ಸ್ವಂತ ತಾತನ ಹೆಸರು ಗೊತ್ತಾಗಲಿಲ್ವೇನೋ ನಿಂಗೆ?"

"ಅಲ್ಲಿ ನಿಮ್ಮ ಬೆನ್ನು ಅಡ್ಡ ಬಂದಿತ್ತು ಅಪ್ಪಾ."

"ಬೆನ್ನು ಅಡ್ಡ ಬಂದ್ರೆ ಕಿವಿ ಏನಾಗಿತ್ತು?"

"ಗ್ರೈಂಡರ್ ಓಡ್ತಿತ್ತು."

"ಓಹೋ, ಈಗ ನನ್ನ ತಲೆ ಮೇಲೆ ಹಾಕು," ಎಂದಳು ಕೌಸಲ್ಯಾ, ಎಂಜಲೆಲೆ ಎತ್ತುತ್ತ. "ನಿಂಗೆ ತಿನ್ನೋಕೆ ದೋಸೆ ಬೇಡವಾಗಿದ್ರೆ ಅವತ್ತೇ ಹೇಳ್ಬೇಕಿತ್ತು."

"ಸರಿ, ಮತ್ತೆ ಹಾಕು ಆ ಜಾಗ," ಎಂದ ಉಪೇಂದ್ರ. "ಟೇಪಲ್ಲಿ ಇರತ್ತಲ್ಲ."

ಟೇಪಿನಲ್ಲಿ ಇರಲಿಲ್ಲ. ಅದೇ ಟೇಪುಗಳನ್ನು ಶುಕ್ರವಾರ ಬೆಸೆಂಟ್ ನಗರದ ಒಂದು ಸೀಮಂತಕ್ಕೆ ಮತ್ತೆ ಬಳಸಿಯಾಗಿತ್ತು. ಹಾರ್ಡ್ ಡಿಸ್ಕಿನಲ್ಲಿ ಜಾಗ ಸಾಲದೆ ಮದುವೆಯ ಕ್ಲಿಪ್ಪುಗಳನ್ನೆಲ್ಲ ಶನಿವಾರ ಅಳಿಸಿಯಾಗಿತ್ತು. ಉಳಿದದ್ದು ಆ ಸಿ.ಡಿ. ಒಂದೇ. ಇದನ್ನು ಪ್ರಮೋದ ಗೋಡೆ ನೋಡಿಕೊಂಡು ಹೇಳಿದ. ಉಪೇಂದ್ರ ಬೈಯಲು ಬಾಯಿ ತೆರೆದು, ಬೈಗಳು ಸಾಲದೆ, ಅಂಗಿ ಹಾಕಿಕೊಂಡು ಹೊರಗೆ ಹೋದ.

ಆಚಾರ್ಯರು ಒಂದು ಮಾತೂ ಬೈಯಲಿಲ್ಲ. ಮಯೂರಕಂಠಿ ಪಂಚೆ ಬಿಚ್ಚಿ, ತಡವುತ್ತ ಮಡಿಸಿ, ಸೊಸೆಯ ಕೈಗೆ ಕೊಟ್ಟರು. ಬೈದಿದ್ದರೆ ಪ್ರಮೋದ ಬದುಕಿಕೊಳ್ಳುತ್ತಿದ್ದ.

ಎರಡು ವಾರ ಆ ಮನೆಯಲ್ಲಿ ಊಟದ ಹೊತ್ತಿನಲ್ಲಿ "ಸಾರು", "ಮಜ್ಜಿಗೆ", "ಸಾಕು" ಬಿಟ್ಟರೆ ಬೇರೆ ಮಾತಿರಲಿಲ್ಲ. ಪ್ರಮೋದ ಹೇಳಿಸಿಕೊಳ್ಳದೆ ನೀರು ಹಿಡಿದ, ತಾತನಿಗೆ ವಾಕರ್ ತಂದುಕೊಟ್ಟ, ಕಣ್ಣಿಗೆ ಮದ್ದು ಬಿಟ್ಟ. ತಾತ "ಸರಿ" ಎನ್ನುತ್ತಿದ್ದರು, ಅಷ್ಟೆ. ಪ್ರವರ ಬಂತೇನೋ ಎಂದು ಕೇಳುವುದನ್ನು ನಿಲ್ಲಿಸಿದ್ದರು. ದಿನವೂ ಪ್ರಾಣ ತಿನ್ನುತ್ತಿದ್ದ ಆ ಪ್ರಶ್ನೆ ಇಲ್ಲದೆ ಮಧ್ಯಾಹ್ನ ನಾಲ್ಕು ಗಂಟೆ ದಾಟುವುದೇ ಅವನಿಗೆ ಕಷ್ಟವಾಯಿತು.

ಒಂದು ಶನಿವಾರ ಅವನು ಕ್ಯಾಮೆರಾ ಹಿಡಿದು ಪಶ್ಚಿಮ ಮಾಂಬಲಂನ ಕಿಟ್ಟಾಚಾರ್ಯರ ಮನೆಗೆ ಹೋದ. ಅವರು ಎಲ್ಲ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಅವರು ಬರಕ್ಕಾಗಿಲ್ಲ ಅಂತ ಮೂರು ಸಲವೂ ಒತ್ತಿ ಹೇಳಿದೀನಲ್ಲೋ. ಛತ್ರದ ಆ ಕೊನೆಗೆ ಕೇಳ್ಬೇಕು ಅಂತ ಹೇಳಿದೆ. ಮೂರರಲ್ಲಿ ಒಂದೂ ಉಳಿಸಿಲ್ವಾ?"

"ಇಲ್ಲ ಆಚಾರ್ರೇ. ಇನ್ನೊಂದು ಸಲ ಹೇಳಿ. ಅದನ್ನ ಅಲ್ಲಿ ಸೇರಿಸ್ತೀನಿ."

"ಕನ್ಯೆ ಇಲ್ಲ, ವರ ಇಲ್ಲ. ಯಾರಿಗೆ ಯಾರನ್ನ ಕೊಡೋಕೆ ಹೇಳಲಿ?"

ಆದರೂ ತೀರ್ಥಾಚಾರ್ಯರಿಗಾಗಿ ಎಂದು ಬಾಯಿ ತೊಳೆದು ಬಂದು ಕೂತು ಹೇಳಿದರು. ಪ್ರಮೋದ ಆ ಮೂರು ಪದಗಳನ್ನು ತಂದು ನಾದಸ್ವರದ ಜಾಗದಲ್ಲಿ ಕೂರಿಸಿದ. ಈ ಸಲ ಗ್ರೈಂಡರ್ ನಿಲ್ಲಿಸಿ ಎಂದು ಕೇಳಬೇಕಾಗಲಿಲ್ಲ. ಕೌಸಲ್ಯಾಳೇ ಬಂದು, "ಇವತ್ತು ರುಬ್ಬಲ್ಲ, ಮಾಡ್ಕೋ," ಎಂದಳು. ಸದ್ದಿನ ಎರಡು ತುದಿಯನ್ನೂ ನೂರು ಸಲ ಕೇಳಿ ಕೇಳಿ ನಯ ಮಾಡಿದ.

ತಾತನನ್ನು ಕರೆತಂದು ಕೂರಿಸಿದ. ಹಯವದನ ಶರ್ಮರು ಬಂದರು. "ವಿಷ್ಣುತೀರ್ಥ ಶರ್ಮಣಃ ಪೌತ್ರೀಂ," ಎಂದಿತು ಟಿ.ವಿ. ಕೌಸಲ್ಯಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಚಾರ್ಯರು ಮುಖ ಆಚೆಗೆ ತಿರುಗಿಸಿದರು.

"ಇದು ಕಿಟ್ಟನ ಮನೆ," ಎಂದರು. "ಫ್ಯಾನು ಕಿರ್ ಅಂತಿದೆ."

"ಧ್ವನಿ ಅವರದೇ ತಾತ. ಮಾತೂ ಅದೇ."

"ಮುಂದೆ ಹಿಂದೆ ಎಲ್ಲಾ ಜನ ಗುಜುಗುಜು ಅಂತಾರೆ. ನನ್ನ ಹೆಸರಿನ ಹತ್ರ ಬಂದಾಗ ಛತ್ರದಲ್ಲಿ ಯಾರೂ ಇಲ್ಲ." ಅವರು ವಾಕರ್ ಹತ್ತಿರಕ್ಕೆ ಎಳೆದುಕೊಂಡರು. "ಅವತ್ತು ಮುನ್ನೂರು ಜನ ಕೇಳಿದಾರಂತಲ್ಲೋ. ನನಗೆ ಅದು ಬೇಕಾಗಿತ್ತು. ಇದು ಬೇಡ. ಮೊದಲಿನದೇ ಇರಲಿ."

"ಅದರಲ್ಲಿ ನಿಮ್ಮ ಹೆಸರೇ ಇಲ್ಲ."

"ಇಲ್ದಿದ್ರೂ ಪರವಾಗಿಲ್ಲ. ಅವತ್ತಿನದಾಗಿರಲಿ."

ಅವನು ಆ ಮೂರು ಪದ ತೆಗೆದು ಮತ್ತೆ ನಾದಸ್ವರ ಇಟ್ಟ. ಅಪ್ಪ ಆಫೀಸಿನಿಂದ ಬಂದು ಏನಾಯಿತೆಂದು ಕೇಳಿದಾಗ, "ಏನೂ ಆಗಲಿಲ್ಲ," ಎಂದ. ಉಪೇಂದ್ರ ಬೈಯಲಿಲ್ಲ. "ಊಟ ಮಾಡು ಬಾ," ಎಂದ.

*

ಕೃಷ್ಣಾಷ್ಟಮಿಯ ಮಾರನೆಯ ದಿನ ಹಿಂದಿನ ಬೀದಿಯ ಜಲಜಾ ಮಾಮಿ ಚಕ್ಕುಲಿ ಕೊಡಲು ಬಂದರು. ಮದುವೆ ಹೊತ್ತಿಗೆ ಮಗಳ ಊರಿಗೆ ಹೋಗಿದ್ದವರು. ಮದುವೆ ಹೇಗಾಯಿತು ಎಂದು ಅವರು ಕೇಳಿದ್ದೇ ಕೇಳಿದ್ದು, ಕೌಸಲ್ಯಾ ಏನೋ ಹೇಳಿ ಸಾಗಹಾಕಲು ನೋಡುತ್ತಿದ್ದಳು. ಅಷ್ಟರಲ್ಲಿ ಒಳಗಿನಿಂದ ವಾಕರ್ ಸದ್ದು ಬಂತು.

"ಪ್ರಮೋದಾ, ಮಾಮಿಗೆ ಸಿ.ಡಿ. ಹಾಕಿ ತೋರ್ಸೋ," ಎಂದರು ಆಚಾರ್ಯರು. "ಪ್ರವರದಿಂದ ಹಾಕು."

ಪ್ರಮೋದ ತಾಯಿಯ ಮುಖ ನೋಡಿದ. ಅವಳು ಹಾಕು ಎಂದು ಕಣ್ಣಲ್ಲೇ ಹೇಳಿದಳು. ಆಚಾರ್ಯರು ಟಿ.ವಿ.ಯ ಪಕ್ಕದ ಕುರ್ಚಿಯಲ್ಲಿ ಕೂತು ಎಡಗಿವಿ ಕೊಟ್ಟರು. ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಬಂದು ಹೋದರು.

"ಹಯವದನ ಶರ್ಮಣಃ ಪ್ರಪೌತ್ರೀಂ."

"ಇದು ನಮ್ಮ ತಂದೆ," ಎಂದರು ಆಚಾರ್ಯರು. ಬೆರಳೆತ್ತಿದರು. "ಈಗ ಕೇಳಿ ಮಾಮಿ."

ನಾದಸ್ವರ ಬಂತು.

"ಇದು ನಾನು."

ಜಲಜಾ ಮಾಮಿಗೆ ಏನೂ ಅರ್ಥವಾಗಲಿಲ್ಲ. "ತುಂಬಾ ಚೆನ್ನಾಗಿದೆ," ಎಂದರು. "ಎಲ್ಲಿ ಸೇರಿಸಿದಾನೆ ಅಂತ ಗೊತ್ತೇ ಆಗಲ್ಲ."

ಪ್ರಮೋದ ಟಿ.ವಿ. ಆರಿಸಲು ಎದ್ದ. ತಾತ ಅವನ ಮೊಣಕೈ ಹಿಡಿದು ನಿಲ್ಲಿಸಿದರು.

"ಎಲ್ಲಿಗೆ ಹೊರಟೆ? ಇನ್ನೆರಡು ಸಲ ಹಾಕು. ಪ್ರವರ ಮೂರು ಸಲ ಹೇಳಬೇಕು."

ಪ್ರಮೋದ ಹಿಂದಕ್ಕೆ ಹಾಕಿದ.